ಒಂದೇ ಸಲ ಬಂದ ಪದ

ಎಲ್ಲಕ್ಕೂ ಕಾರಣ ಒಂದು ಬಕೆಟ್ ನೀರು.

ನಮ್ಮ ಯಹೂದಿಗಳ ಪಸ್ಕ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಆ ದಿನಗಳಲ್ಲಿ ಜೆರುಸಲೆಮ್‌ನಲ್ಲಿ ಯಾರೊಡನೆಯೂ ನೆಟ್ಟಗೆ ಮಾತಾಡಲು ಆಗುವುದಿಲ್ಲ. ಎಲ್ಲರೂ ಏನನ್ನಾದರೂ ತೊಳೆಯುತ್ತಿರುತ್ತಾರೆ, ಇಲ್ಲವೇ ತೊಳೆಯದವರನ್ನು ಬೈಯುತ್ತಿರುತ್ತಾರೆ. ಹುಳಿ ಬಂದ ಹಿಟ್ಟಿನ ಒಂದು ಚೂರು ಮೂಲೆಯಲ್ಲಿ ಉಳಿದರೂ ಹಬ್ಬ ಕೆಟ್ಟಂತೆಯೇ. ಒಂಟಿ ಮನುಷ್ಯನಾದ ಎಲ್ಕಾನಾ ಬಿಬಾಸ್ ಕೂಡ ಬೆಳಿಗ್ಗೆ ಎದ್ದು, ಪ್ಯಾಂಟು ಮಡಚಿಕೊಂಡು, ತನ್ನ ಒಂದೂವರೆ ಕೋಣೆಯ ನೆಲಕ್ಕೆ ಒಂದು ಬಕೆಟ್ ನೀರು ಸುರಿದ. ಸುರಿದ ಮೇಲೆ ಮೇಜಿನ ಕೆಳಗಿದ್ದ ಬೂಟಿನ ಡಬ್ಬ ನೆನಪಾಯಿತು. ಓಡಿಹೋಗಿ ಅದನ್ನೆತ್ತಿ, ಬಾಗಿಲಾಚೆ ಮೆಟ್ಟಿಲ ಬುಡದಲ್ಲಿ ಒಣನೆಲದ ಮೇಲಿಟ್ಟು, ಮನೆ ಆರುವಷ್ಟರಲ್ಲಿ ಬರೋಣವೆಂದು ಕ್ಷೌರಕ್ಕೆ ಹೋದ.

ಆ ಡಬ್ಬದಲ್ಲಿ ಇದ್ದದ್ದು ಅವನ ಇಪ್ಪತ್ತೆರಡು ವರ್ಷ. ಹೀಬ್ರೂ ಬೈಬಲಿನಲ್ಲಿ ಒಂದೇ ಒಂದು ಸಲ ಬಂದು, ಮತ್ತೆಲ್ಲೂ ತಲೆಹಾಕದೆ ಮಾಯವಾದ ಪದಗಳಿವೆ. ಅವುಗಳ ಅರ್ಥ ಇಂಥದ್ದೇ ಎಂದು ಗಟ್ಟಿಯಾಗಿ ಹೇಳುವವರಿಲ್ಲ. ಅಂಥ ಒಂದು ಪದದ ಬೆನ್ನು ಹತ್ತಿದವನು ಎಲ್ಕಾನಾ. ಪದ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಒಂದು ಅಭಿಪ್ರಾಯ ಇಟ್ಟುಕೊಳ್ಳುತ್ತೀರಿ, ಇರುವ ಅಭಿಪ್ರಾಯಗಳೇ ಬೇಕಾದಷ್ಟಿವೆ. ಬೆಟ್ಟ ಇಳಿದು ಬರುವ ಹೆಂಗಸರ ತಲೆಯ ಮೇಲೆ ‘ಅದು’ ಇತ್ತು ಎಂದು ಹೇಳಿ ಪ್ರವಾದಿ ಮುಂದಕ್ಕೆ ಹೋಗಿಬಿಟ್ಟಿದ್ದಾನೆ. ಅದು ಹಕ್ಕಿ ಎಂದು ಎಲ್ಕಾನಾ. ಕಿರೀಟ ಎಂದು ಅವನ ಸಹೋದ್ಯೋಗಿ ಗೇರ್ಶೋನ್. ಈ ಒಂದು ವಿಷಯಕ್ಕೆ ನಿಘಂಟು ಕಚೇರಿಯಲ್ಲಿ ಅವರಿಬ್ಬರೂ ಏಳು ವರ್ಷದಿಂದ ಒಂದೇ ಕೆಟಲಿನ ಚಹಾ ಕುಡಿದಿರಲಿಲ್ಲ.

ಅಂದು ನಾಲ್ಕು ಗಂಟೆಗೆ ಸಂಪಾದಕ ಮಂಡಳಿಯ ಸಭೆ. ಹಬ್ಬ ಕಳೆದ ಕೂಡಲೇ ಆ ಸಂಪುಟ ಅಚ್ಚಿಗೆ ಹೋಗುವುದಿತ್ತು. ಮುಖ್ಯ ಸಂಪಾದಕಿ ಕಡ್ಡಿ ಮುರಿದಂತೆ ಹೇಳಿದ್ದರು: ಆಧಾರದ ಚೀಟಿಗಳೆಲ್ಲ ಮೇಜಿನ ಮೇಲೆ ಬಂದರೆ ಹಕ್ಕಿ, ಬಾರದಿದ್ದರೆ ಕಿರೀಟ. ಅಕ್ಕಾಡಿಯನ್, ಅರಬ್ಬಿ, ಹಳೆಯ ಸಿರಿಯಾಕ್ ಎಂದು ಎಲ್ಲೆಲ್ಲಿಂದಲೋ ಹೆಕ್ಕಿ ತಂದ ಸಾವಿರದ ನೂರನಲವತ್ತು ಚೀಟಿಗಳು ಆ ಒಂದೇ ಡಬ್ಬದಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ, ಏಕೆಂದರೆ ತನ್ನ ಕೈಬರಹವಲ್ಲದ ಯಾವುದನ್ನೂ ಎಲ್ಕಾನಾ ನಂಬುತ್ತಿರಲಿಲ್ಲ. ನಿಘಂಟಿನಲ್ಲಿ ಆ ಪದದ ಕೆಳಗೆ ತನ್ನ ಹೆಸರು ಸಣ್ಣಕ್ಷರದಲ್ಲಿ ಬರಬೇಕು ಎನ್ನುವುದನ್ನು ಬಿಟ್ಟರೆ ಆ ಪಾಪದ ಮನುಷ್ಯನಿಗೆ ಜೀವನದಲ್ಲಿ ಬೇರೆ ಆಸೆಯೂ ಇರಲಿಲ್ಲ.

ನುಣ್ಣಗಿನ ಕೆನ್ನೆ ಸವರಿಕೊಳ್ಳುತ್ತ ಬಂದು ನೋಡುತ್ತಾನೆ, ಮೆಟ್ಟಿಲ ಬುಡ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಡಬ್ಬ ಇಲ್ಲ. ಮೇಲಿನ ಮನೆಯ ಹಜಾಲೆ ಪೊರಕೆ ಹಿಡಿದು ನಿಂತಿದ್ದಾಳೆ. ಎಪ್ಪತ್ತು ದಾಟಿದ ಕುರ್ದಿಸ್ತಾನದ ಹೆಂಗಸು. ಹಬ್ಬದ ವಾರದಲ್ಲಿ ಇಡೀ ಕಟ್ಟಡ ತನ್ನದೇ ಎಂದು ತಿಳಿದವಳು.

“ಹಜಾಲೆ ಅಮ್ಮ, ಇಲ್ಲೊಂದು ಡಬ್ಬ ಇತ್ತಲ್ಲ?”

“ಇತ್ತು. ಯಾರೋ ಕಸ ಇಟ್ಟಿದಾರೆ ಅಂತ ಮುಚ್ಚಳ ತೆಗೆದೆ. ನೋಡಿದ್ರೆ ಒಂದೊಂದು ಚೀಟೀಲೂ ದೇವರ ಹೆಸರು. ಕಸದ ತೊಟ್ಟಿಗೆ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ? ಮುತ್ತಿಟ್ಟು, ಕಣ್ಣಿಗೊತ್ಕೊಂಡು, ಸಿನಗಾಗ್ ಪಕ್ಕದ ಗೆನೀಜಾ ಪೆಟ್ಟಿಗೇಲಿ ಹಾಕಿ ಬಂದೆ.”

ದೇವರ ಹೆಸರಿರುವ ಕಾಗದ ಹಳೆಯದಾದರೆ ನಮ್ಮಲ್ಲಿ ಅದನ್ನು ಎಸೆಯುವುದಿಲ್ಲ, ಸುಡುವುದೂ ಇಲ್ಲ. ಆ ಪೆಟ್ಟಿಗೆಗೆ ಹಾಕುತ್ತೇವೆ. ಪೆಟ್ಟಿಗೆ ತುಂಬಿದಾಗ ಸ್ಮಶಾನಕ್ಕೆ ಒಯ್ದು, ಸತ್ತವರನ್ನು ಮಾಡುವಂತೆಯೇ ಪ್ರಾರ್ಥನೆ ಹೇಳಿ ಮಣ್ಣು ಮಾಡುತ್ತೇವೆ. ಬುದ್ಧಿವಂತ ವಿದ್ವಾಂಸರು ಈ ತಾಪತ್ರಯವೇ ಬೇಡವೆಂದು ಚೀಟಿಗಳಲ್ಲಿ ದೇವರ ಹೆಸರಿಗೆ ಒಂದೇ ಅಕ್ಷರ ಹಾಕಿ ಸುಮ್ಮನಾಗುತ್ತಾರೆ. ಎಲ್ಕಾನಾನ ಪ್ರಕಾರ ಮೂಲದಲ್ಲಿರುವ ಒಂದಕ್ಷರ ಬಿಟ್ಟರೂ ಅದು ಕಳ್ಳತನ. ಸಾವಿರದ ನೂರನಲವತ್ತು ಚೀಟಿಯ ತಲೆಯಲ್ಲೂ ಪ್ರವಾದಿಯ ಆ ವಾಕ್ಯವನ್ನು ಇಳಿಸಿ, ಅದರಲ್ಲಿ ಬರುವ ದೇವರ ಹೆಸರನ್ನು ಅವನು ಪೂರ್ತಿಯಾಗಿ ಬರೆದಿದ್ದ.

ಅವನು ಓಡಿದ. ಪೆಟ್ಟಿಗೆ ಬಾಯಿ ತೆರೆದು ಖಾಲಿ ನಿಂತಿತ್ತು. ಹಬ್ಬಕ್ಕೆ ಮುಂಚೆ ಎಲ್ಲ ಕಡೆಯದನ್ನೂ ಒಟ್ಟುಮಾಡುವ ವ್ಯಾನು ಆಗಷ್ಟೇ ಹೋಯಿತೆಂದೂ, ಈಗ ಗುಡ್ಡದ ಸ್ಮಶಾನದ ದಾರಿಯಲ್ಲಿರುತ್ತದೆಂದೂ ಎದುರಿನ ಬೆಂಚಿನಿಂದ ಶಾಲ್ವಾ ತಿಳಿಸಿದ. ಶಾಲ್ವಾ ನಿವೃತ್ತ ಬಸ್ ಡ್ರೈವರ್. ಬೀದಿಯಲ್ಲಿ ಏನು ಬಂತು, ಏನು ಹೋಯಿತು ಎಂದು ನೋಡುವುದೇ ಈಗ ಅವನ ಉದ್ಯೋಗ. ತನ್ನ ಹಳೆಯ ಕಾರನ್ನು ಹೊರಡಿಸಲು ಅವನಿಗೊಂದು ನೆಪ ಬೇಕಾಗಿತ್ತು. ಹಿಂದಿನ ಬಾಗಿಲು ತೆಗೆದುಕೊಂಡು ಹಜಾಲೆಯೂ ಹತ್ತಿದಳು. ಬೇಡವೆಂದರೆ, ತನ್ನ ಕೈಯಿಂದ ಆದದ್ದನ್ನು ತನ್ನ ಕೈಯಿಂದಲೇ ಸರಿಮಾಡುವುದಾಗಿ ಹೇಳಿ, ಶಾಲು ಹೊದ್ದು ಗಟ್ಟಿಯಾಗಿ ಕುಳಿತಳು.

ಮೂವತ್ತು ವರ್ಷ ಬಸ್ ಓಡಿಸಿದ ಕಾಲು ಅದು. ನಿಲ್ದಾಣ ಕಂಡಲ್ಲೆಲ್ಲ ಶಾಲ್ವಾನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಮೂರನೆಯ ನಿಲ್ದಾಣದಲ್ಲಿ ಒಬ್ಬಳು ಮುದುಕಿ ತರಕಾರಿ ಚೀಲದ ಸಮೇತ ಹತ್ತಿಯೂ ಬಿಟ್ಟಳು. ಅವಳನ್ನು ಮಗಳ ಮನೆಗೆ ಮುಟ್ಟಿಸಿ ಬರುವಷ್ಟರಲ್ಲಿ ಎಲ್ಕಾನಾ ಉಗುರೆಲ್ಲ ಕಚ್ಚಿ ಮುಗಿಸಿದ್ದ.

ಸ್ಮಶಾನದ ಗೇಟಿನ ಎದುರು ಶಾಲ್ವಾ ಕಾರು ನಿಲ್ಲಿಸಿ ಕೈಕಟ್ಟಿ ಕುಳಿತ. ಅವನು ಪುರೋಹಿತ ವಂಶದವನು. ಸತ್ತವರಿರುವ ಜಾಗಕ್ಕೆ ಕಾಲಿಡುವಂತಿಲ್ಲ.

“ಮೇಷ್ಟ್ರೇ, ಇಲ್ಲಿಂದ ಮುಂದಕ್ಕೆ ನಂದು ನಡೆಯಲ್ಲ. ಎಡಗಡೆ ಇಳಿಜಾರು ಹಿಡೀರಿ.”

“ಒಳಗೇ ಹೋಗದ ನಿಮಗೆ ಎಡಗಡೆ ಅಂತ ಹೇಗೆ ಗೊತ್ತು?” ಎಂದು ಎಲ್ಕಾನಾ ಕೇಳಿದ್ದಕ್ಕೆ, ಗೇಟಿನವರೆಗೆ ಮೂವತ್ತು ವರ್ಷ ಜನರನ್ನು ತಂದು ಬಿಟ್ಟವನಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಅವನು ಮುನಿಸಿಕೊಂಡ.

ಇಳಿಜಾರಿನ ಬುಡದಲ್ಲಿ ದೊಡ್ಡ ಗುಂಡಿ. ಗುಂಡಿಯೊಳಗೆ ನಲವತ್ತು ಗೋಣಿಚೀಲ. ಸುತ್ತ ಹತ್ತು ಹನ್ನೆರಡು ಮಂದಿ ನಿಂತು ಕೀರ್ತನೆ ಹೇಳುತ್ತಿದ್ದರು. ಏದುಸಿರು ಬಿಡುತ್ತ ಬಂದ ಎಲ್ಕಾನಾ ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಅತ್ತೇಬಿಟ್ಟ. ಹರಿದ ಪ್ರಾರ್ಥನೆ ಪುಸ್ತಕಗಳಿಗಾಗಿ ಹೀಗೆ ಅಳುವ ಭಕ್ತನನ್ನು ಅವರಾರೂ ಕಂಡಿರಲಿಲ್ಲ. ಒಬ್ಬಾತ ಅವನಿಗೆ ನೀರು ಕೊಟ್ಟ. ಇನ್ನೊಬ್ಬ ಎರಡು ಮಾತು ಆಡಿ ಎಂದು ಕೇಳಿಕೊಂಡ. ಎಲ್ಕಾನಾ ಎರಡಲ್ಲ, ನಾಲ್ಕು ಮಾತು ಆಡಿದ: ನನ್ನ ಡಬ್ಬ ಅದರಲ್ಲಿದೆ, ತೆಗೆಯಿರಿ.

ಕೀರ್ತನೆ ನಿಂತಿತು. ಮಣ್ಣಿಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದುಂಟೇ ಎಂದು ಗುಜುಗುಜು ಎದ್ದಿತು. ಹಿರಿಯರಾದ ರಬ್ಬಿ ಝೆವುಲುನ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅರ್ಧ ಗಂಟೆ ವಿಚಾರಣೆ ನಡೆಯಿತು. ಡಬ್ಬ ಯಾರದು, ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂದೆಲ್ಲ ಕೇಳಿ, ಹಜಾಲೆಯ ಮುತ್ತಿನ ವಿವರವನ್ನೂ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಅವರು ಎಲ್ಕಾನಾನ ಕಡೆ ತಿರುಗಿದರು.

“ನೀವು ಮನಸಾರೆ ಕೊಟ್ರಾ?”

“ಇಲ್ಲ ಗುರುಗಳೇ. ನಾನು ಕ್ಷೌರಕ್ಕೆ ಹೋಗಿದ್ದೆ.”

“ಹಾಗಾದ್ರೆ ಅದು ಗೆನೀಜಾ ಅಲ್ಲ, ಕಳೆದುಹೋದ ಸಾಮಾನು. ಮಾಲೀಕನ ಮನಸ್ಸಿಲ್ಲದೆ ಮಣ್ಣೂ ತಗೊಳ್ಳಲ್ಲ. ಹುಡುಕ್ಕೊಳ್ಳಿ. ಆದರೆ ಇಳಿಯೋದು ನೀವೇ.”

ಸಭೆಗೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯಲ್ಲೇ ಎಲ್ಕಾನಾ ಗುಂಡಿಗಿಳಿದ. ಒಂದು ಚೀಲದಲ್ಲಿ ಮದುವೆ ಕರೆಯೋಲೆಗಳು, ಇನ್ನೊಂದರಲ್ಲಿ ಶಾಲಾ ಮಕ್ಕಳ ನೋಟ್‌ಪುಸ್ತಕಗಳು, ಮತ್ತೊಂದರಲ್ಲಿ ಯಾರೋ ಭಕ್ತಿ ಹೆಚ್ಚಾಗಿ ಹಾಕಿದ್ದ ಒಂದು ಟೆಲಿಫೋನ್ ಡೈರೆಕ್ಟರಿ. ಮೂವತ್ತೊಂದನೆಯ ಚೀಲದಲ್ಲಿ ಡಬ್ಬ ಸಿಕ್ಕಿತು. ಒಂದು ಚೀಟಿಯೂ ಕದಲಿರಲಿಲ್ಲ. ಖುಷಿಗೆ ಅದನ್ನು ಎದೆಗವಚಿಕೊಂಡು ಮೇಲಕ್ಕೆ ಹಾರಲು ಹೋದ. ಆಗಲೇ ಅವನ ಸೊಂಟ ಹಿಡಿದುಕೊಂಡಿತು.

ಅವನನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಗೇಟಿನವರೆಗೆ ಏರುದಾರಿ, ನೆಟ್ಟಗೆ ನಿಲ್ಲಲಾರದವನು ಡಬ್ಬ ಹೊರುವುದು ದೂರದ ಮಾತು. ಮೇಲಿನಿಂದ ಶಾಲ್ವಾ ಹಾರ್ನ್ ಒತ್ತುತ್ತಿದ್ದ. ಗಡಿಯಾರದಲ್ಲಿ ಎರಡೂವರೆ.

“ಇಲ್ಲಿ ಕೊಡು ಮಗಾ,” ಎಂದಳು ಹಜಾಲೆ. “ಇಪ್ಪತ್ತು ವರ್ಷದವಳಾಗೋವರೆಗೂ ನಮ್ಮೂರು ಝಾಖೋದಲ್ಲಿ ಹೊಳೆಯಿಂದ ನೀರು ಹೊತ್ತಿದೀನಿ. ಇದೇನು ಮಹಾ. ತಾಳು, ಮೊದಲು...” ಎನ್ನುತ್ತ ಹೆಗಲ ಶಾಲನ್ನು ಎಳೆದು, ಹುರಿ ಮಾಡಿ, ಸುತ್ತಿ, ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಇಟ್ಟುಕೊಳ್ಳುವಾಗ ಅದರ ಹೆಸರು ಹೇಳಿದಳು. ಅವಳ ತಾಯಿ ಹೇಳುತ್ತಿದ್ದ ಹೆಸರು, ಅವರ ಮನೆಯ ಮಾತಾದ, ಹೀಬ್ರೂವಿನ ಸೋದರ ಭಾಷೆ ಅರಮಾಯಿಕ್‌ನಲ್ಲಿ.

ಅದೇ ಪದ.

ಎಲ್ಕಾನಾ ಸೊಂಟದ ನೋವು ಮರೆತ. ಇನ್ನೊಮ್ಮೆ ಹೇಳಿ ಎಂದ. ಅವಳು ಹೇಳಿದಳು. ಯಾರು ಹಾಗನ್ನುತ್ತಿದ್ದರು ಎಂದು ಕೇಳಿದ. ಯಾರು ಅಂದರೆ ಏನು, ನೀರು ಹೊರುವ ಹೆಂಗಸರೆಲ್ಲ ಎಂದಳು. ಬಾಯಿಗೆ ಬಂದದ್ದನ್ನಲ್ಲ, ಕೈಗೆ ಅಭ್ಯಾಸವಾದದ್ದನ್ನು ಹೇಳುವ ಧಾಟಿ ಅದು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವಳು ಡಬ್ಬವನ್ನು ತಲೆಗೇರಿಸಿಕೊಂಡು ನಡೆದಳು, ಅವನು ಬಾಗಿದ ಬೆನ್ನಿನಲ್ಲಿ ಅವಳ ಹಿಂದೆ ನಡೆದ. ಪ್ರವಾದಿ ಕಂಡ ಹೆಂಗಸರು ಅವನ ಕಣ್ಣೆದುರೇ ಹೋಗುತ್ತಿದ್ದರು. ಅವರ ತಲೆಯ ಮೇಲೆ ಹಕ್ಕಿ ಇರಲಿಲ್ಲ, ಕಿರೀಟವೂ ಇರಲಿಲ್ಲ. ಅರ್ಥಕ್ಕಾಗಿ ಅವನು ಮೂರು ದೇಶಗಳ ಗ್ರಂಥಾಲಯ ಸುತ್ತಿದ್ದ. ಮೇಲಿನ ಮನೆಗೆ ಹನ್ನೊಂದು ಮೆಟ್ಟಿಲು. ಅವನ್ನು ಮಾತ್ರ ಹತ್ತಿರಲಿಲ್ಲ.

ಕಾರಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ತಾನು ಹೇಳಿದ್ದು ಎಂಥ ಮಾತೆಂದು ಹಜಾಲೆಗೆ ಗೊತ್ತಿಲ್ಲ. ಶಾಲ್ವಾ ಗೇಟಿನಾಚೆ ಇದ್ದ. ಗೇರ್ಶೋನನಿಗಂತೂ ಜನ್ಮದಲ್ಲಿ ತಿಳಿಯುವುದಿಲ್ಲ. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹಕ್ಕಿ ಅಚ್ಚಾಗುತ್ತದೆ, ಕೆಳಗೆ ಅವನ ಹೆಸರೂ ಅಚ್ಚಾಗುತ್ತದೆ. ಮೊದಲ ನಿಲ್ದಾಣದಲ್ಲಿ ಕಾರು ನಿಂತಿತು, ಹೊರಟಿತು. ಎರಡನೆಯ ನಿಲ್ದಾಣದಲ್ಲಿ ನಿಂತಿತು.

“ಶಾಲ್ವಾ, ವಾಪಸ್ ತಿರುಗಿಸಿ,” ಎಂದ ಎಲ್ಕಾನಾ.

ಗುಂಡಿಗೆ ಇನ್ನೂ ಮಣ್ಣೆಳೆದಿರಲಿಲ್ಲ. ಡಬ್ಬ ಹೊತ್ತು ಮತ್ತೆ ಇಳಿದು ಬರುತ್ತಿದ್ದ ಹಜಾಲೆಯನ್ನೂ, ಅವಳ ಹಿಂದೆ ಕುಂಟುತ್ತಿದ್ದವನನ್ನೂ ಕಂಡು ಕೀರ್ತನೆಯವರು ಮತ್ತೆ ನಿಲ್ಲಿಸಿದರು. ರಬ್ಬಿ ಝೆವುಲುನ್‌ಗೆ ಎಲ್ಕಾನಾ ನಡೆದದ್ದನ್ನೆಲ್ಲ ಹೇಳಿದ. ಸಾವಿರದ ನೂರನಲವತ್ತೂ ಸುಳ್ಳು, ಆದರೆ ಒಂದೊಂದರಲ್ಲೂ ದೇವರ ಹೆಸರು ಮಾತ್ರ ನಿಜ. ಹಾಗಾಗಿ ಎಸೆಯುವಂತೆಯೂ ಇಲ್ಲ ಎಂದ. ರಬ್ಬಿ ಮತ್ತೆ ಅದೇ ಪ್ರಶ್ನೆ ಕೇಳಿದರು.

“ಈಗ ಮನಸಾರೆ ಕೊಡ್ತಿದೀರಾ?”

“ಮನಸಾರೆ.”

ಮೊದಲ ಹಿಡಿ ಮಣ್ಣು ಅವನೇ ಹಾಕಿದ. ಈ ಸಲ ಅಳು ಬರಲಿಲ್ಲ, ಎದೆ ಹಗುರವಾಗಿತ್ತು.

ಸ್ಮಶಾನದ ಕಚೇರಿಯಿಂದಲೇ ಮುಖ್ಯ ಸಂಪಾದಕಿಗೆ ಫೋನ್ ಮಾಡಿದ. ಹಕ್ಕಿ ಅಲ್ಲ, ಕಿರೀಟವೂ ಅಲ್ಲ, ಸಿಂಬಿ ಎಂದ. ಆ ಕಡೆಯಿಂದ ಕೂಡಲೇ ಪ್ರಶ್ನೆ ಬಂತು.

“ಆಧಾರ?”

“ಹಜಾಲೆ.”

“ಯಾವ ಕಾಲದ ಗ್ರಂಥ ಅದು?”

“ಗ್ರಂಥ ಅಲ್ಲ ಮೇಡಂ. ನಮ್ಮ ಮೇಲಿನ ಮನೆಯವರು.”

ಸಂಪಾದಕಿ ನಗಲಿಲ್ಲ. ಅವರ ದನಿಯಲ್ಲಿ ಕುತೂಹಲವೇ ಇತ್ತು. ಆದರೂ ನಿಯಮ ನಿಯಮವೇ. ಒಬ್ಬಳೇ ಸಾಕ್ಷಿ ಸಾಲದು, ಅದೇ ನೀರು ಹೊತ್ತ ಬೇರೆ ಹೆಂಗಸರನ್ನೂ ಹುಡುಕಿ ಕೇಳಿ ಬರೆದು ತನ್ನಿ, ಮುಂದಿನ ಮುದ್ರಣಕ್ಕೆ ನೋಡೋಣ ಎಂದರು. ಹೊಸ ಅನುಮಾನ ಎದ್ದ ಮೇಲೆ ಕಿರೀಟವನ್ನೂ ಹಾಕುವಂತಿಲ್ಲ, ಈ ಸಂಪುಟದಲ್ಲಿ ಆ ಪದದ ಮುಂದೆ ‘ಅರ್ಥ ತಿಳಿಯದು’ ಎಂದೇ ಅಚ್ಚಾಗುತ್ತದಂತೆ. ಇಪ್ಪತ್ತೆರಡು ವರ್ಷದ ಹಿಂದೆ ಎಲ್ಕಾನಾ ಹಳೆಯ ನಿಘಂಟು ತೆರೆದಾಗ ಅದರಲ್ಲಿ ಇದ್ದದ್ದೂ ಅವೇ ಎರಡು ಪದ.

ಐದು ಗಂಟೆಗೆ ಅವನು ಹನ್ನೊಂದು ಮೆಟ್ಟಿಲು ಹತ್ತಿ, ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಹಜಾಲೆಯ ಅಡುಗೆಮನೆಯಲ್ಲಿ ಕೂತಿದ್ದ. ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ನೀನು ದಿನಾ ‘ಶಾಲೋಮ್’ ಅಂತಿದ್ದೆ, ಬಾಗಿಲು ಹಾಕ್ಕೋತಿದ್ದೆ. ಯಾವತ್ತು ಕೇಳಿದೀಯ?” ಎಂದಳು. ಹಾಗೆನ್ನುತ್ತಲೇ ತೊಳೆದ ಪಾತ್ರೆ, ಸೌಟು, ಜರಡಿ ಒಂದೊಂದನ್ನೂ ಒರೆಸಿಡುತ್ತ, ಒಂದೊಂದಕ್ಕೂ ತನ್ನ ತಾಯಿ ಇಟ್ಟಿದ್ದ ಹೆಸರು ಹೇಳತೊಡಗಿದಳು. ಅವುಗಳಲ್ಲಿ ಎರಡನ್ನು ಕೇಳಿ ಎಲ್ಕಾನಾನ ಕಿವಿ ನೆಟ್ಟಗಾಯಿತು. ಅವೂ ಬೈಬಲಿನಲ್ಲಿ ಒಂದೊಂದೇ ಸಲ ಬಂದು ಮಾಯವಾದವು. ಜೇಬಿನ ಖಾಲಿ ಚೀಟಿ ತೆಗೆದು ಮೇಜಿನ ಮೇಲಿಟ್ಟ.

ಹಜಾಲೆ ಚೀಟಿಯನ್ನು ನೋಡಿದಳು, ಅವನನ್ನು ನೋಡಿದಳು.

“ಬರ್ಕೋ. ಆದರೆ ಈ ಸಲ ದೇವರ ಹೆಸರು ಮಾತ್ರ ಹಾಕ್ಬೇಡ ಮಗಾ. ಮುಂದಿನ ಹಬ್ಬಕ್ಕೂ ಮೆಟ್ಟಿಲು ಗುಡಿಸೋಳು ನಾನೇ.”