ಮಂಡಿ ವಾಸಿಯಾದ ಕಷ್ಟ

ಕಾಯಿಲೆ ಬಂದರೆ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ವಾಸಿಯಾದಾಗ ಬರುವ ಕಷ್ಟದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಎಡಮಂಡಿ ಉಳುಕಿದ್ದಾಗ ತಿ. ನರಸೀಪುರದಲ್ಲಿ ನನಗಿದ್ದ ಮರ್ಯಾದೆ, ಅದು ನೆಟ್ಟಗಾದ ಮೇಲೆ ಉಳಿಯಲಿಲ್ಲ.

ನಾನು ಸರ್ಕಾರಿ ಗುಮಾಸ್ತ. ಜೊತೆಗೆ ನಮ್ಮ ನೌಕರರ ಹಾಕಿ ತಂಡದಲ್ಲಿ ಬ್ಯಾಕ್. ಅಂದರೆ ಗೋಲಿನ ಮುಂದೆ ನಿಂತು, ಬಂದವರನ್ನು ಮುಂದೆ ಹೋಗದಂತೆ ತಡೆಯುವವನು. ಕಚೇರಿಯಲ್ಲೂ ಹೆಚ್ಚುಕಡಿಮೆ ಅದೇ ಕೆಲಸ ಅನ್ನಿ. ಭತ್ತ ಬೆಳೆಯುವ ಊರಿಗೆ ಹಾಕಿ ಎಲ್ಲಿಂದ ಬಂತು ಎಂದು ಕೇಳಬಹುದು. ಕೊಡಗಿನವರೊಬ್ಬರು ನಮಗೆ ಮೇಲಧಿಕಾರಿಯಾಗಿ ಬಂದಿದ್ದರು. ಅವರಿಗೆ ವರ್ಗವಾಯಿತು, ಹಾಕಿ ಕೋಲುಗಳು ಇಲ್ಲೇ ಉಳಿದವು. ಅಂದಿನಿಂದ ವರ್ಷಕ್ಕೊಮ್ಮೆ ನಂಜನಗೂಡಿನ ನೌಕರರ ಮೇಲೆ ಪಂದ್ಯ. ಗೆಲ್ಲಲಿ, ಸೋಲಲಿ, ನಮ್ಮ ತಂಡದಲ್ಲಿ ತಮಗೆ ಮೆಚ್ಚುಗೆಯಾದ ಒಬ್ಬನಿಗೆ ನಂಜನಗೂಡಿನವರು ಒಂದು ಚಿಪ್ಪು ರಸಬಾಳೆ ಕೊಡುವುದು ಪದ್ಧತಿ. ಆ ಚಿಪ್ಪಿನ ಮೇಲೆ ನನಗೆ ಬಹಳ ಕಾಲದಿಂದ ಕಣ್ಣಿತ್ತು.

ಕಳೆದ ವರ್ಷ ಅಭ್ಯಾಸ ಮಾಡುವಾಗ ಜಾರಿಬಿದ್ದೆ. ನಮ್ಮ ಕ್ಯಾಪ್ಟನ್ ಮಹದೇವಸ್ವಾಮಿ, ವೃತ್ತಿಯಲ್ಲಿ ಸರ್ವೇಯರ್, ಅಭ್ಯಾಸದ ಆಟಗಳಲ್ಲೂ ನನ್ನನ್ನು ಹೊರಗೆ ಕೂರಿಸಿ ಕೊನೆಯ ಐದು ನಿಮಿಷಕ್ಕಷ್ಟೇ ಇಳಿಸತೊಡಗಿದ. "ಪಾಪ, ಮಂಡಿ ನೋವು" ಎಂದು ಊರೆಲ್ಲ ಮರುಗಿತು. ಮಂಡಿ ವಾಸಿಯಾಯಿತು, ಐದು ನಿಮಿಷ ಮಾತ್ರ ಆರಾಗಲಿಲ್ಲ.

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ನಾಗರತ್ನ ಒಂದು ದಿನ ಕೇಳಿಯೇಬಿಟ್ಟಳು. "ಮಂಡಿ ಸರಿಹೋಯ್ತಲ್ಲ, ಇನ್ನೂ ಯಾಕ್ರೀ ಕೂರಿಸವ್ರೆ?"

"ನೋವು ಒಳಗೇ ಇದೆ ಕಣೇ."

"ಬಸ್ಸಿಗೆ ಓಡುವಾಗ ಎಲ್ಲಿ ಓಗ್ತದೆ ಅದು?"

ಬಿಡಲಿಲ್ಲ ಮಹಾತಾಯಿ, ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಆತ ಮಡಚಿ, ಒತ್ತಿ, ತಟ್ಟಿ ನೋಡಿ, "ಫಸ್ಟ್ ಕ್ಲಾಸ್ ಆಗಿದೆ, ಧಾರಾಳವಾಗಿ ಆಡಿ" ಎಂದರು. ಮಂಡಿ ಸರಿಯಿದ್ದರೆ ಕೆಟ್ಟಿರುವುದು ಆಟವೇ ಎಂದಾಯಿತಲ್ಲ! "ಇನ್ನೊಂದು ಸಲ ನೋಡಿ ಡಾಕ್ಟ್ರೇ" ಎಂದು ಅಂಗಲಾಚಿದೆ. ಆತ ಮುಂದಿನ ರೋಗಿಯನ್ನು ಕರೆದರು.

ನೇರವಾಗಿ ಮಹದೇವಸ್ವಾಮಿಯ ಬಳಿಗೆ ಹೋದೆ. "ನಿಜ ಹೇಳಪ್ಪ, ನನ್ನನ್ನು ಕೂರಿಸಿರೋದು ಮಂಡಿಗೋ, ಆಟಕ್ಕೋ?"

ಒಳ್ಳೆಯ ಹುಡುಗ, ಆಕಾಶ ನೋಡಿದ. "ನಿಮ್ಮ ಮಂಡಿ ನಮಗೆ ಮುಖ್ಯ ಸಾ."

"ಅದು ವಾಸಿಯಾಯ್ತಲ್ಲಯ್ಯ!"

"ಅಯ್ಯೋ! ಇಷ್ಟು ಬೇಗ ಯಾಕ್ ಸಾ ವಾಸಿ ಮಾಡ್ಕಂಡ್ರಿ?" ಎಂದುಬಿಟ್ಟ.

ನನಗೆ ನಿಜವಾಗಿಯೂ ಬೇಜಾರಾಯಿತು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ನಾನಿಲ್ಲದಿದ್ದರೆ ಆಗುವುದಿಲ್ಲ ಎನ್ನುವವರು ಯಾರೂ ಇಲ್ಲ; ಮೈದಾನದಲ್ಲಾದರೂ ಇದ್ದಾರೆ ಎಂದುಕೊಂಡಿದ್ದೆ. "ನಂಜನಗೂಡಿನ ಮೇಲೆ ಪೂರ್ತಿ ಆಡಿಸು. ಆಟ ಕೆಟ್ಟಿದ್ದರೆ ಮಾರನೇ ದಿನವೇ ಕೋಲು ತಂದು ನಿನ್ನ ಕೈಗೆ ಕೊಡ್ತೀನಿ" ಎಂದೆ. ಅವನು ಅರೆಮನಸ್ಸಿನಿಂದ ಒಪ್ಪಿದ.

ಪೂರ್ತಿ ಆಡಿದೆ. ಅವರ ಕಡೆಯ ಸಣಕಲನೊಬ್ಬ "ಬತ್ತೀನಿ ಸಾ" ಎಂದು ಹೇಳಿಯೇ ನನ್ನನ್ನು ದಾಟಿ ಹೋದ. ನಾನು ತಿರುಗುವಷ್ಟರಲ್ಲಿ ಗೋಲು ಹೊಡೆದು ವಾಪಸು ಬರುತ್ತಿದ್ದ. ಆಮೇಲೆ ಅವರಲ್ಲಿ ಯಾರೂ ನನ್ನ ಬದಿ ಬಿಟ್ಟು ಇನ್ನೊಂದು ಬದಿಗೆ ಹೋಗಲೇ ಇಲ್ಲ, ಅಲ್ಲಿ ರಸ್ತೆ ಅಗೆದಿದ್ದಾರೇನೋ ಎಂಬಂತೆ. ಎಷ್ಟು ಗೋಲಾಯಿತು ಎಂದು ಕೇಳಬೇಡಿ. ಪಂದ್ಯ ಮುಗಿದ ಮೇಲೆ ಅವರ ಕ್ಯಾಪ್ಟನ್ ಬಾಳೆಹಣ್ಣಿನ ಚಿಪ್ಪನ್ನು ನೆಟ್ಟಗೆ ತಂದು ನನ್ನ ಕೈಗಿತ್ತು, ತಬ್ಬಿಕೊಂಡ. "ಸಾ, ನಮಗೆ ಇಷ್ಟು ಸಂತೋಷ ಯಾರೂ ಕೊಟ್ಟಿರನಿಲ್ಲ. ಮುಂದಿನ ವರ್ಷವೂ ನೀವೇ ಪೂರ್ತಿ ಆಡ್ಬೇಕು!"

ಮನೆಯಲ್ಲಿ ನಾಗರತ್ನ ಒಂದು ಹಣ್ಣು ಸುಲಿದು ತಿಂದಳು. "ಬೋ ಚೆನ್ನಾಗದೆ ಕಣ್ರೀ. ಸೋತೋರಿಗೇ ಇಂಥದ್ದು ಕೊಟ್ರೆ, ಗೆದ್ದೋರು ಏನು ತಿಂದ್ರು?"

ಬೆಳಿಗ್ಗೆ ಕೋಲು ಹಿಡಿದು ಹೊರಡಬೇಕೆಂದು ಏಳಹೋದರೆ, ಏಳಲಾಗಲಿಲ್ಲ. ಮಂಡಿ ತೆಂಗಿನಕಾಯಿ ಗಾತ್ರ ಊದಿತ್ತು! ನಾನು ಕಚೇರಿಗೆ ಬರಲಿಲ್ಲವೆಂದು ಮಹದೇವಸ್ವಾಮಿಯೇ ಮನೆಗೆ ಬಂದ. ಪಂಚೆ ಸರಿಸಿ ತೋರಿಸಿದೆ. ಅವನ ಮುಖ ಅರಳಿತು.

"ಅಯ್ಯಯ್ಯೋ, ಇದ್ಕೇ ಸಾ! ಇದ್ಕೇ ನಾವು ಸೋತಿದ್ದು! ಕೋಲು ನಿಮ್ಮತ್ರನೇ ಇರ್ಲಿ, ಕೊನೆ ಐದು ನಿಮಿಷ ಬಂದ್ರೆ ಸಾಕು."

ಇಬ್ಬರೂ ಖುಷಿಯಾಗಿ ಉಳಿದ ಹಣ್ಣು ತಿಂದೆವು. ಡಾಕ್ಟರಿಗೆ ತೋರಿಸೋಣ ಬನ್ನಿ ಎಂದು ನಾಗರತ್ನ ಅಂದಿನಿಂದ ಹೇಳುತ್ತಲೇ ಇದ್ದಾಳೆ. ನಾನು ಸುತರಾಂ ಒಪ್ಪಿಲ್ಲ. ಆ ಮನುಷ್ಯ ಮತ್ತೆ ವಾಸಿ ಮಾಡಿಬಿಟ್ಟರೆ ನನ್ನ ಗತಿಯೇನು?