ಐದು ಪೀಟರರಿಗೆ ಒಂದೇ ಕಾಗದ

ಆ ಶನಿವಾರ ಬೆಳಗ್ಗೆ ಸ್ಕಾರ್‌ಹೇವನ್ ಬಂದರಿಗೆ ಬಂದ ಟಪಾಲಿನಲ್ಲಿ ಒಂದು ಉದ್ದನೆಯ ಲಕೋಟೆಯಿತ್ತು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ 'ಶ್ರೀ ಪೀಟರ್ ಮೇರ್, ಸ್ಕಾರ್‌ಹೇವನ್' ಎಂದಷ್ಟೇ ಬರೆದಿತ್ತು. ಅದನ್ನು ಕಂಡದ್ದೇ ಅಂಚೆಪೇದೆ ಗ್ಯಾವಿನ್ ಟೋಚರ್ ತಲೆಯ ಮೇಲೆ ಕೈಹೊತ್ತು ಕೂತ.

ಕೂರದೆ ಏನು ಮಾಡ್ಯಾನು? ಊರಿನಲ್ಲಿ ಪೀಟರ್ ಮೇರ್ ಎಂಬ ಹೆಸರಿನವರು ಐದು ಮಂದಿ. ಅಲ್ಲಿನ ಬೆಸ್ತರು ಚೊಚ್ಚಲ ಗಂಡುಮಗುವಿಗೆ ಅಜ್ಜನ ಹೆಸರನ್ನೇ ಇಡಬೇಕು, ಇಲ್ಲದಿದ್ದರೆ ಅಜ್ಜನ ಸಿಟ್ಟು ತಡೆಯುವವರಿಲ್ಲ. ಅಜ್ಜಂದಿರೋ, ಎಲ್ಲರೂ ಪೀಟರ್‌ಗಳೇ. ಗುರುತಿಗೆಂದು ಒಬ್ಬೊಬ್ಬನಿಗೆ ಒಂದೊಂದು ಅಡ್ಡಹೆಸರು: ಸೀಗಡಿ, ಗೂಬೆ, ಲ್ಯಾಟಿನ್, ದೊರೆ, ದೊರೆಯ ಅಪ್ಪ ಮುದಿಗಂಟಲು. ಆದರೆ ಈ ಹೆಸರುಗಳನ್ನು ಲಕೋಟೆಯ ಮೇಲೆ ಯಾರೂ ಬರೆಯುವುದಿಲ್ಲ. ಊರಿನವರು ಕರೆದರೆ ಅದು ಪ್ರೀತಿ, ಹೊರಗಿನವನು ಕರೆದರೆ ಏಟು ಖಾತ್ರಿ. ಗ್ಯಾವಿನ್ ಎಂಟು ಮೈಲಿ ದೂರದ ಒಳನಾಡಿನವನು. ಸ್ಕಾರ್‌ಹೇವನ್ನಿನವರ ಪಾಲಿಗೆ ಅದು ಹೆಚ್ಚುಕಡಿಮೆ ಚೀನಾ.

"ಟೋಚರ್," ಎಂದರು ಅಂಚೆಮನೆಯ ಒಡತಿ ಮಿಸ್ ಯೂಫೀಮಿಯಾ, ಕನ್ನಡಕದ ಮೇಲಿಂದ ನೋಡುತ್ತ. "ನಿನ್ನದು ಈವರೆಗೆ ಎಷ್ಟು ತಪ್ಪಾಯ್ತು?"

"ಎರಡು ಅಮ್ಮಾವ್ರೇ."

"ಗೂಬೆಗೆ ಬಂದ ಪ್ರೇಮಪತ್ರಾನ ತಗೊಂಡ್ಹೋಗಿ ದೊರೆ ಹೆಂಡ್ತಿ ಕೈಗೆ ಕೊಟ್ಟೆ. ಪಾಪ, ಆ ದೊರೆ ಒಂದು ವಾರ ದೋಣೀಲಿ ಮಲಗಿದ. ಲ್ಯಾಟಿನ್ ತರಿಸ್ಕೊಂಡ ಹಲ್ಲಿನ ಸೆಟ್ಟನ್ನ ಮುದಿಗಂಟಲಿಗೆ ಕೊಟ್ಟೆ. ಆ ಮುದುಕ ಈಗ್ಲೂ ಅದನ್ನ ಹಾಕ್ಕೊಂಡೇ ಚರ್ಚಿಗೆ ಬರ್ತಾನೆ. ಇವತ್ತು ಸಂಜೆ ಒಳಗೆ ಈ ಕಾಗದ ಸರಿಯಾದ ಪೀಟರನ ಕೈ ಸೇರಲಿಲ್ಲ ಅಂದ್ರೆ, ಚೀಲ ತಂದು ನನ್ನ ಮೇಜಿನ ಮೇಲಿಟ್ಟು ಊರಿಗೆ ಹೊರಡು."

ಊರಿಗೆ ಎಂದರೆ ಅಣ್ಣನ ಹೊಲಕ್ಕೆ. ಮಳೆಯಲ್ಲಿ ನೆನೆಯುತ್ತ ಗಡ್ಡೆ ಕೀಳುವುದು, ಅತ್ತಿಗೆಯ ಮೂತಿ ನೋಡುತ್ತ ಉಣ್ಣುವುದು. ಈ ಟೋಪಿ, ಈ ಹಿತ್ತಾಳೆ ಗುಂಡಿಯ ಕೋಟು ಹಾಕಿದ ದಿನದಿಂದ ತಾನೇ ಗ್ಯಾವಿನನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸಿದ್ದು? ಅವನು ಲಕೋಟೆಯನ್ನು ಎದೆಗವಚಿಕೊಂಡು ಹೊರಟ.

ಶನಿವಾರವಾದ್ದರಿಂದ ದೋಣಿಗಳೆಲ್ಲ ದಡದಲ್ಲೇ ಇದ್ದವು. ಸೀಗಡಿ ಪೀಟರ್ ಇಬ್ಬರು ಜೊತೆಗಾರರೊಂದಿಗೆ ತನ್ನ ದೋಣಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಗ್ಯಾವಿನ್ ಹುಷಾರಾಗಿ ದೋಣಿಗೆ ಕಾಲಿಟ್ಟ.

"ಪೀಟರಣ್ಣ, ಒಂದು ಕಾಗದ ಬಂದಿದೆ. ನಿಂದಿರಬಹುದಾ ಅಂತ..."

"ನಂದೇ! ತಾ ಇಲ್ಲಿ."

"ಎಲ್ಲಿಂದ ಬರ್ಬೇಕಿತ್ತು ನಿಂಗೆ?"

"ಕೆನಡಾದಿಂದ. ನನ್ನ ತಮ್ಮ ಇಲ್ವಾ ಅಲ್ಲಿ?"

"ಇದರ ಮೇಲೆ ಎಡಿನ್‌ಬರೋ ಮುದ್ರೆ ಇದೆಯಲ್ಲಣ್ಣ."

"ಹಾಗಾದ್ರೆ ಮುಕ್ಕಾಲು ದಾರಿ ಬಂದುಬಿಟ್ಟಿದ್ದಾನೆ ಅನ್ನು! ತಾರಯ್ಯ ಅಂದ್ರೆ!"

"ಹಾಗೆಲ್ಲ ಕೊಡಕ್ಕಾಗಲ್ಲ. ಬೇಕಾದ್ರೆ ಪಾದ್ರಿಗಳ ಮುಂದೆ ಪ್ರಮಾಣ..."

ಮಾತು ಮುಗಿಯಲಿಲ್ಲ. ದೋಣಿಯೊಳಗೆ ಯಾವ ಮಾತನ್ನು ಆಡಬಾರದೋ ಅದನ್ನೇ ಆಡಿಬಿಟ್ಟಿದ್ದ. ಪಾದ್ರಿಯ ಹೆಸರೆತ್ತಿದ ದೋಣಿಯ ಬಲೆಗೆ ವಾರವಿಡೀ ಉಪ್ಪುನೀರು ಬಿಟ್ಟು ಬೇರೇನೂ ಬೀಳುವುದಿಲ್ಲ ಎಂದು ಯಾವ ಬೆಸ್ತನನ್ನು ಕೇಳಿದರೂ ಹೇಳುತ್ತಾನೆ. "ಕಬ್ಬಿಣ! ಕಬ್ಬಿಣ!" ಎಂದು ಕಿರುಚುತ್ತ ದೋಣಿಯಲ್ಲಿದ್ದ ಮೂವರೂ ಲಂಗರು, ಮೊಳೆ, ಚಾಕು, ಕೈಗೆ ಸಿಕ್ಕ ಕಬ್ಬಿಣವನ್ನೆಲ್ಲ ಅಪಶಕುನ ಕಳೆಯಲೆಂದು ಮುಟ್ಟಿಕೊಂಡರು. ಸೀಗಡಿಯ ಒಂದು ಕೈ ಲಂಗರಿನ ಮೇಲೆ, ಇನ್ನೊಂದು ಕೈ ಗ್ಯಾವಿನನ ಕತ್ತುಪಟ್ಟಿಯ ಮೇಲೆ.

"ಅಯ್ಯೋ ದರಿದ್ರದವನೇ! 'ಕರಿಕೋಟಿನವರು' ಅನ್ನಕ್ಕೆ ನಿನ್ನ ಬಾಯಿಗೇನಾಗಿತ್ತೋ?" ಎಂದವನೇ ಅವನನ್ನೆತ್ತಿ ದಡಕ್ಕೆ ಎಸೆದ. ಗ್ಯಾವಿನ್ ಬಿದ್ದದ್ದು ಒದ್ದೆ ಬಲೆಗಳ ರಾಶಿಯ ಮೇಲೆ.

ಮೈಗೆ ಅಂಟಿದ ಮೀನಿನ ಹುರುಪೆಗಳನ್ನು ಒರೆಸಿಕೊಳ್ಳುತ್ತ ಅವನು ಮೀನಿಗೆ ಉಪ್ಪುಹಾಕುವ ಅಂಗಳ ದಾಟುವಾಗ ಮೀನು ಸೀಳುವ ಹೆಂಗಸರ ಕಣ್ಣಿಗೆ ಬಿದ್ದ. ಅವರ ಕಣ್ಣಿಗೆ ಬಿದ್ದದ್ದು ಅವರ ಬಾಯಿಗೂ ಬೀಳಲೇಬೇಕು. ಬೆರಳಿಗೆಲ್ಲ ಬಟ್ಟೆಪಟ್ಟಿ ಸುತ್ತಿಕೊಂಡಿದ್ದ ಬೆಲ್ ಫ್ಲೆಟ್ ಎಂಬಾಕೆ ಅವನ ಕೈಯಿಂದ ಲಕೋಟೆ ಕಸಿದು ಬೆಳಕಿಗೆ ಹಿಡಿದಳು.

"ಅಕ್ಕಾ, ಬೇಡ, ಸರ್ಕಾರಿ ಟಪಾಲು ಅದು!"

"ಸುಮ್ನಿರಯ್ಯ, ನಾನೇನು ತಿಂತೀನಾ? ದಪ್ಪ ಕಾಗದ ಕಣ್ರೇ. ಇಂಥದ್ದು ಬರೆಯೋರು ವಕೀಲರೇ."

"ವಕೀಲರು ಬರೆದ್ರು ಅಂದ್ರೆ ಯಾರೋ ಸತ್ತಿರ್ಬೇಕು," ಎಂದಳು ಪಕ್ಕದವಳು.

"ಸುಮ್‌ಸುಮ್ನೆ ಸಾಯ್ತಾರಾ? ಮನೆ ಬರೆದಿಟ್ಟು ಸತ್ತಿರ್ತಾರೆ."

ಆ ಮನೆ ಅಂಗಳದ ಆಚೆ ತುದಿ ಮುಟ್ಟುವ ಹೊತ್ತಿಗೆ ಮೂರಂತಸ್ತು ಬೆಳೆದು, ಅದರ ಮುಂದೆ ಎರಡು ಹಡಗೂ ಬಂದು ನಿಂತಿದ್ದವು. ಐದೇ ನಿಮಿಷದಲ್ಲಿ ಬೀದಿಯ ಆ ಕಡೆಯಿಂದ ಗೂಬೆ, ಈ ಕಡೆಯಿಂದ ದೊರೆ ಓಡಿಬಂದರು. ಅವರ ಹಿಂದೆ ಬೋಳು ಒಸಡಿನ ಲ್ಯಾಟಿನ್. "ಹಲ್ಲು ಹೋಯ್ತು, ಹೋಗ್ಲಿ! ಆಚ್ತಿ ಮಾತ್ರ ಬಿಡಲ್ಲ! ಹಡಗು ನಂದು!" ಎಂದು ಅವನು ಬೊಬ್ಬೆಯಿಡುತ್ತಿದ್ದ.

ಗ್ಯಾವಿನ್ ಲಕೋಟೆ ಕಿತ್ತುಕೊಂಡು ಓಟ ಕಿತ್ತ. ಉಪ್ಪಿನ ಮೂಟೆ ಹಾರಿ, ಯಾರದೋ ಬುಟ್ಟಿ ಒದ್ದು, ಮೂಲೆ ತಿರುಗಿ, ಸಾಲಾಗಿ ನಿಲ್ಲಿಸಿದ್ದ ಪೀಪಾಯಿಗಳಲ್ಲಿ ಖಾಲಿಯಿದ್ದ ಒಂದರೊಳಗೆ ಇಳಿದು ಕುಕ್ಕರುಗಾಲಲ್ಲಿ ಕೂತ. ಕಾಲಿನ ಸಪ್ಪಳ ದಡದಡನೆ ದಾಟಿಹೋಯಿತು. ಅಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ತಲೆಯ ಮೇಲೆ ಕತ್ತಲೆ ಕವಿಯಿತು. ಯಾರೋ ಮುಚ್ಚಳವಿಟ್ಟು ಟಪಟಪನೆ ಬಡಿಯತೊಡಗಿದ್ದರು.

"ಅಯ್ಯಯ್ಯೋ! ನಿಲ್ಸಿ! ನಾನಿದ್ದೀನಿ ಒಳಗೆ!"

ಮುಚ್ಚಳ ಎದ್ದಿತು. ಪೀಪಾಯಿ ಮಾಡುವ ರಾಬ್ ಇನ್ನೆಸ್ ಸುತ್ತಿಗೆ ಹಿಡಿದು ಬಗ್ಗಿ ನೋಡಿದ.

"ಟೋಪಿ ಹಾಕಿರೋ ಮೀನು ನಾನು ನೋಡ್ತಿರೋದು ಇದೇ ಮೊದಲು. ಇನ್ನು ಹತ್ತು ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ ಸೋಮವಾರ ಜರ್ಮನಿ ಹಡಗಿಗೆ ಏರಿಬಿಡ್ತಿದ್ದೆ ನೋಡು."

ಜರ್ಮನಿಯಲ್ಲಿ ಪೀಟರ್ ಮೇರ್ ಎನ್ನುವವರು ಒಬ್ಬರೂ ಇರಲಾರರು ಎಂದು ಹೊಳೆದು, ಗ್ಯಾವಿನನಿಗೆ ಬಾಯಿ ತೆರೆದದ್ದೇ ತಪ್ಪಾಯಿತೇನೋ ಎನ್ನಿಸಿತು. ಅವನ ಗೋಳನ್ನೆಲ್ಲ ಕೇಳಿದ ರಾಬ್ ಮರದ ಹುಡಿ ಕೊಡವಿಕೊಂಡು ಹೇಳಿದ: "ಇವತ್ತು ಸಂಜೆ ದೊರೆ ಮನೇಲಿ ಮಗೂಗೆ ನಾಮಕರಣ. ಐದೂ ಪೀಟರ್‌ಗಳು ಅಲ್ಲೇ ಇರ್ತಾರೆ, ಕರಿಕೋಟಿನವರೂ ಇರ್ತಾರೆ. ಎಲ್ಲರ ಮುಂದೆ ಅವರ ಕೈಲೇ ಒಡೆಸಿ ಓದಿಸು. ಯಾರದ್ದು ಅಂತ ಗೊತ್ತಾಗುತ್ತೆ, ಕೊಟ್ಟು ಕೈ ತೊಳ್ಕೋ."

ಹೋದ ಜೀವ ಬಂದಂತಾಯಿತು. ಸಂಜೆಯವರೆಗೂ ಅವನು ಪೀಪಾಯಿಯಿಂದ ಏಳಲಿಲ್ಲ.

ದೊರೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ದೊರೆ ಐರ್ಲೆಂಡ್ ಕಡೆಯ ಮೀನುಗಾರಿಕೆಗೆ ಹೋಗಿದ್ದರಿಂದ ಮಗುವಿನ ನಾಮಕರಣ ತಡವಾಗಿ, ಆರು ತಿಂಗಳ ಕೂಸು ಅಜ್ಜಿ ಎಲ್ಸ್‌ಪೆಟ್ಟಳ ತೊಡೆಯ ಮೇಲೆ ಕುಣಿಯುತ್ತಿತ್ತು. ಶಾಸ್ತ್ರ ಆಗಷ್ಟೇ ಮುಗಿದು, ಓಟ್ಸ್ ರೊಟ್ಟಿ, ಚೀಸು, ವಿಸ್ಕಿ ಕೈಯಿಂದ ಕೈಗೆ ದಾಟುತ್ತಿದ್ದವು. ಮೂಲೆಯ ಕುರ್ಚಿಯಲ್ಲಿ ಮಿಸ್ ಯೂಫೀಮಿಯಾ ನೆಟ್ಟಗೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದರು.

ಗ್ಯಾವಿನನನ್ನು ಕಂಡದ್ದೇ ಐದೂ ಪೀಟರ್‌ಗಳು ಎದ್ದರು. "ನಂದು!" "ನಂದು!" "ಹಿರಿಯ ನಾನು, ನಂದು!" ಎಂದ ಮುದಿಗಂಟಲು, ಲ್ಯಾಟಿನ್ನನ ಹಲ್ಲುಗಳನ್ನು ಕಟಕಟ ಕಡಿಯುತ್ತ. ಪಾದ್ರಿ ಕ್ರಾಂಬಿಯವರು ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿ, ಐವರ ಒಪ್ಪಿಗೆಯನ್ನೂ ಕೇಳಿ ಲಕೋಟೆ ಒಡೆದರು. ಗಟ್ಟಿಯಾಗಿ ಓದತೊಡಗಿದರು:

"'ಪ್ರಧಾನ ಅಂಚೆ ಕಚೇರಿ, ಎಡಿನ್‌ಬರೋ. ಮಾನ್ಯರೇ, ತಮಗೆ ಬರುವ ಕಾಗದಗಳನ್ನು ತಮ್ಮೂರಿನ ಅಂಚೆಪೇದೆ ಗ್ಯಾವಿನ್ ಟೋಚರನು ಕಂಡಕಂಡವರಿಗೆ ಹಂಚುತ್ತಿದ್ದಾನೆಂದು ತಾವು ಬರೆದ ದೂರು ತಲುಪಿದೆ. ಸದರಿ ಪೇದೆಯನ್ನು ಕೆಲಸದಿಂದ ತೆಗೆಯಲಾಗಿದೆ. ಈ ಕಾಗದವು ಪೀಟರ್ ಮೇರ್ ಎಂಬುವರ ಕೈಸೇರಿದ ಗಳಿಗೆಯಿಂದ ಈ ಆಜ್ಞೆ ಜಾರಿಗೆ ಬರುತ್ತದೆ.'"

ಪಾದ್ರಿಗಳು ಕಾಗದವನ್ನು ಮೆಲ್ಲನೆ ಮಡಿಸಿ ಗ್ಯಾವಿನನ ಕೈಗೇ ವಾಪಸು ಕೊಟ್ಟರು. ಬೆಳಗಿನಿಂದ ತಾನು ಹೊತ್ತು ತಿರುಗಿದ್ದು ಏನನ್ನು ಎಂದು ತಿಳಿದ ಗ್ಯಾವಿನನ ಕಣ್ಣು ತುಂಬಿ ಬಂತು.

"ನಂದಲ್ಲಪ್ಪ ಅದು," ಎಂದ ಸೀಗಡಿ, ನೆಲ ನೋಡುತ್ತ.

"ನಂಗೆ ಬರೆಯಕ್ಕೇ ಬರಲ್ಲ," ಎಂದ ಗೂಬೆ.

"ನಾನು ಬೈದದ್ದು ಹಲ್ಲಿನ ವಿಚಾರಕ್ಕೆ. ಅದೂ ಬಾಯ್ಮಾತಲ್ಲಿ," ಎಂದ ಲ್ಯಾಟಿನ್. ದೊರೆಯೂ ಮುದಿಗಂಟಲೂ ಒಟ್ಟಿಗೇ ಸೂರು ನೋಡಿದರು. ಐವರಲ್ಲಿ ಒಬ್ಬ ಬರೆಸಿದ್ದಂತೂ ನಿಜ, ಆದರೆ ಯಾರೆಂದು ಇವತ್ತಿಗೂ ಗೊತ್ತಿಲ್ಲ.

"ಕೈಸೇರಿದ್ರೆ ತಾನೇ ಆಜ್ಞೆ?" ಎಂದು ಬಾಗಿಲಲ್ಲಿದ್ದ ಬೆಲ್ ಫ್ಲೆಟ್ ಗುಡುಗಿದಳು. "ಕೈ ಹಿಂದಕ್ಕೆ ಕಟ್ಕೊಳ್ರೋ ಎಲ್ಲಾ! ನಮ್ಮ ಮಕ್ಕಳು ಸಮುದ್ರದಾಚೆಯಿಂದ ಬರೆದದ್ದನ್ನ ನಮಗೆ ಕೂತು ಓದಿ ಹೇಳೋನು ಇವನೊಬ್ಬನೇ. ಯಾರಾದ್ರೂ ಮುಟ್ಟಿದ್ರೋ, ಮೀನಿನ ಹಾಗೆ ಸೀಳಿಬಿಡ್ತೀನಿ!"

ಹತ್ತು ಕೈಗಳು ಪಟ್ಟನೆ ಬೆನ್ನ ಹಿಂದೆ ಹೋದವು. ಎಲ್ಲರ ಕಣ್ಣೂ ಮಿಸ್ ಯೂಫೀಮಿಯಾರ ಮೇಲೆ. ಅವರು ಕನ್ನಡಕ ಸರಿಮಾಡಿಕೊಂಡು, ತಮ್ಮ ಕೈಚೀಲದಿಂದ ಪೆನ್ಸಿಲ್ ತೆಗೆದರು.

"ವಿಳಾಸದಾರರು ಬೇಡ ಅಂದ್ರೆ ಅದು ಪೇದೆ ತಪ್ಪಲ್ಲ. 'ನಿರಾಕರಿಸಲಾಗಿದೆ' ಅಂತ ಬರೆದು ವಾಪಸ್ ಕಳಿಸ್ತೀನಿ. ಅವರು ಇನ್ನೊಂದು ಬರೆಯೋಕೆ ವರ್ಷ ಹಿಡಿಯುತ್ತೆ." ಆ ಹೆಂಗಸು ನಗುವುದನ್ನು ಸ್ಕಾರ್‌ಹೇವನ್ ಅಂದೇ ಮೊದಲು ಕಂಡದ್ದು. "ಕೊಡು ಇಲ್ಲಿ, ಟೋಚರ್."

ಗ್ಯಾವಿನನ ಖುಷಿಗೆ ಎಣೆಯೇ ಇರಲಿಲ್ಲ. ಎಂಥ ಜನ, ಎಂಥ ಊರು! ಕಣ್ಣೊರೆಸಿಕೊಳ್ಳುತ್ತ ಅವನು ಜನರ ನಡುವಿನಿಂದ ತೋಳು ಚಾಚಿ, ಎಲ್ಸ್‌ಪೆಟ್ ಅಜ್ಜಿಯ ಹೆಗಲ ಮೇಲಿಂದ ಕಾಗದವನ್ನು ಮುಂದೆ ನೀಡಿದ. ಪುಟ್ಟ ಮುಷ್ಟಿಯೊಂದು ಮೇಲೆದ್ದು ಅದನ್ನು ಗಬಕ್ಕನೆ ಹಿಡಿದು ಬಾಯಿಗಿಟ್ಟುಕೊಂಡಿತು.

"ಬಿಡೋ! ಬಿಡೋ ಪೀಟರ್!" ಎಂದು ಅಜ್ಜಿ ಚೀರಿದಳು.

ಐವರೂ ಬೆನ್ನ ಹಿಂದಿದ್ದ ಕೈ ಮೇಲೆತ್ತಿ ಒಂದೇ ದನಿಯಲ್ಲಿ ಕೂಗಿದರು: "ನಾನು ಮುಟ್ಟೇ ಇಲ್ಲ!"

ಮಿಸ್ ಯೂಫೀಮಿಯಾ ಪೆನ್ಸಿಲ್ ಕೆಳಗಿಟ್ಟರು. "ಪಾದ್ರಿಗಳೇ, ಮಗೂಗೆ ಹೆಸರು ಇಟ್ಟಾಯ್ತಾ?"

ಪಾದ್ರಿ ಕ್ರಾಂಬಿ ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ.

"ಹತ್ತು ನಿಮಿಷ ಆಯ್ತು," ಎಂದರು. "ಪೀಟರ್ ಮೇರ್."

"ಚೀಲ ಇಲ್ಲಿಡು, ಟೋಚರ್," ಎಂದರು ಮಿಸ್ ಯೂಫೀಮಿಯಾ.