ವಂಶದ ಜೀನು ಮಹಾ ಜೀನ

ಬೆವರು ಸುರಿಸಿದರೆ ಮನಸ್ಸು ಅರಳುತ್ತದಂತೆ. ಹಾಗೆಂದವನು ನನ್ನ ಹೆಂಡತಿಯ ತಮ್ಮ. ವ್ಯಾಯಾಮಶಾಲೆಯಲ್ಲಿ ಜನರಿಂದ ಕಬ್ಬಿಣ ಎತ್ತಿಸಿ, ಮತ್ತೆ ಅಲ್ಲೇ ಇಡಿಸುವುದು ಈ ಮಹಾಶಯನ ಉದ್ಯೋಗ. ದಿನವಿಡೀ ಕುಳಿತು ಗಡಿಯಾರ ರಿಪೇರಿ ಮಾಡುವ ನಾನು ಸದಾ ಸಿಡುಕುತ್ತೇನೆಂದು ಇವನ ಅಕ್ಕ ದೂರಿತ್ತಳು. ಈ ತಮ್ಮ, ವಿಚಾರಣೆಯನ್ನೂ ನಡೆಸದೆ, ಬೆಳಗಿನ ಓಟದ ಶಿಕ್ಷೆ ವಿಧಿಸಿದ.

ಓಡಿದೆ. (ಓಡಿದೆ ಎನ್ನುವುದು ಅತಿಶಯೋಕ್ತಿ. ತಳ್ಳುಗಾಡಿಯಲ್ಲಿ ನಿದ್ದೆಹೋಗಿದ್ದ ಕೂಸೊಂದು ನನ್ನನ್ನು ಹಿಂದಿಕ್ಕಿತು.) ಮನೆಗೆ ಬಂದು ಬಾಗಿಲಿಗೂ ಬೈದೆ, ಬೂಟಿಗೂ ಬೈದೆ. ವಾರಗಟ್ಟಲೆ ಓಡಿದರೂ ಮನಸ್ಸು ಅರಳಲಿಲ್ಲ, ಪಾದ ಮಾತ್ರ ಅರಳಿತು.

ಆಗ ರೇಡಿಯೊದಲ್ಲಿ ವಿಜ್ಞಾನಿಯೊಬ್ಬರು ಹೇಳಿದರು: ವ್ಯಾಯಾಮದಿಂದ ಮನಸ್ಸಿಗಾಗುವ ಲಾಭ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ, ಅದರಲ್ಲಿ ಜೀನುಗಳ ಕೈವಾಡವೂ ಇರಬಹುದು. ಅವರ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು.

"ಕೇಳಿಸ್ತಾ?" ಎಂದೆ ಹೆಂಡತಿಗೆ. "ನಂದೇನೂ ತಪ್ಪಿಲ್ಲ. ನಮ್ಮ ವಂಶದ ಜೀನು ಮಹಾ ಜೀನ. ಖುಷೀನ ಬಿಚ್ಚೋದೇ ಇಲ್ಲ."

"ನಿಮ್ಮ ವಂಶಾನೇ ಹಾಗೆ ಅಂತ ಮದುವೆಯಾದಾಗಿಂದ ಹೇಳ್ತಿಲ್ವಾ?"

ಒಳಗೆ ಬಟ್ಟೆ ಮಡಿಸುತ್ತಿದ್ದ ಅಮ್ಮ ದಡದಡನೆ ಹೊರಬಂದರು. ಅತ್ತೆ-ಸೊಸೆ ಮಾತು ಬಿಟ್ಟು ಬಹಳ ದಿನವಾಗಿದ್ದರಿಂದ ನನಗೇ ಹೇಳಿದರು: "ವಂಶದ ಮೇಲೆ ಗೂಬೆ ಕೂರಿಸ್ಬೇಡ. ನಾಳೆ ನಾನೇ ಹೋಗ್ತೀನಿ. ಮೈದಾನ ತೋರ್ಸೋಕೆ ನಿನ್ನ ಹೆಂಡ್ತಿಗೆ ಹೇಳು."

ಒಳಗೊಳಗೇ ಹಿಗ್ಗಿದೆ. ಇಬ್ಬರೂ ಮೈದಾನದಲ್ಲೇ ಕಿತ್ತಾಡಿಕೊಂಡು ಬಂದರೆ ಈ ವ್ಯಾಯಾಮಪುರಾಣಕ್ಕೆ ಮಂಗಳ ಹಾಡಬಹುದು. ನಾನು ಹೊದಿಕೆ ಎಳೆದು ಮಲಗಬಹುದು.

ಬಂದರು, ನಗುತ್ತಾ. ಅಮ್ಮ ಸೊಸೆಯ ಭುಜ ಹಿಡಿದುಕೊಂಡು ಬೂಟು ಬಿಚ್ಚಿದರು. "ಮನಸ್ಸು ಎಷ್ಟು ಹಗುರ ಆಯ್ತು ಕಣೇ. ನಾಳೆ ಇನ್ನೊಂದು ಸುತ್ತು ಹಾಕೋಣ."

ವಂಶದ ಮಾನ ಉಳಿಯಿತು, ನನ್ನ ವಾದ ನೆಲಕಚ್ಚಿತು.

"ಹಾಗಾದ್ರೆ ಈ ಜೀನು ಅಪ್ಪನ ಕಡೆಯಿಂದ ಬಂದಿರ್ಬೇಕು," ಎಂದು ಗೊಣಗಿದೆ. "ಎಷ್ಟು ಓಡಿದ್ರೂ ನನಗೆ ಲಾಭ ಕಮ್ಮೀನೇ."

ಹೆಂಡತಿ ನನ್ನತ್ತ ತಿರುಗಲೂ ಇಲ್ಲ. "ಬೇಳೆ ಬೇಗ ಬೇಯಲ್ಲ ಅಂತ ಒಲೆ ಆರಿಸ್ತೀವಾ ಅತ್ತೆ?"

"ಯಾಕೆ ಆರಿಸೋದು? ಇನ್ನೊಂದಿಷ್ಟು ಹೊತ್ತು ಬೇಯಿಸ್ತೀವಿ," ಎಂದರು ಹೆತ್ತಮ್ಮ.

ಈಗ ನನಗೆ ಸಂಜೆಯೂ ಓಟ. ಅತ್ತೆ-ಸೊಸೆ ಮೈದಾನದ ಕಟ್ಟೆಯ ಮೇಲೆ ಅಕ್ಕಪಕ್ಕ ಕುಳಿತು, ನಾನು ಬೆಂದೆನೋ ಇಲ್ಲವೋ ಎಂದು ನೋಡುತ್ತಿರುತ್ತಾರೆ.